ಅರವತ್ತೈದನೆಯ ಮತ

ನಮ್ಮ ಸಾರ್ವಿಕ್‌ನಲ್ಲಿ ಮತದಾರರು ಅರವತ್ತನಾಲ್ಕು ಜನ. ಬರ್ನೀಸಳ ಆಡುಗಳನ್ನೂ ಸೇರಿಸಿದರೆ ನೂರು ದಾಟಬಹುದು, ಆದರೆ ನಮ್ಮ ಮಿನೆಸೋಟಾ ರಾಜ್ಯದ ಕಾನೂನು ಇನ್ನೂ ಅಷ್ಟು ಮುಂದುವರಿದಿಲ್ಲ. ಇಷ್ಟು ಸಣ್ಣ ಊರಿಗೂ ಒಂದು ಟೌನ್ ಹಾಲ್ ಇದೆ, ಚುನಾವಣೆಯ ದಿನ ಅದೇ ಮತಗಟ್ಟೆ. ಆ ಮತಗಟ್ಟೆಯ ಮೊದಲನೆಯ ಮೇಜಿನಲ್ಲಿ, ಮತದಾರರ ಪಟ್ಟಿಯ ಮುಂದೆ, ಮೂವತ್ತೊಂದು ವರ್ಷ ಕೂತವನು ಗೇಲನ್ ಸ್ಕೂಗ್. ಎರಡನೆಯ ಮೇಜಿನಲ್ಲಿ ಮತಪತ್ರ ಹಂಚುತ್ತ ಕೂತವನು ನಾನು.

ಗೇಲನ್ ನಿಯಮದ ಮನುಷ್ಯ. ಯಾರೇ ಬರಲಿ, ತಲೆಯೆತ್ತದೆ "ಹೆಸರು?" ಎಂದು ಕೇಳುತ್ತಿದ್ದ. ನಲವತ್ತು ವರ್ಷದಿಂದ ಪಕ್ಕದ ಹೊಲದವನಾದ ನನ್ನನ್ನೂ ಕೇಳುತ್ತಿದ್ದ. ತನ್ನ ಹೆಂಡತಿ ಆರ್ಡಿಸಳನ್ನೂ ಕೇಳುತ್ತಿದ್ದ. ಅವಳು ಸಾಲಿನಲ್ಲಿ ನಿಂತು, ಕೈಚೀಲವನ್ನು ಮೇಜಿನ ಮೇಲಿಟ್ಟು, "ಆರ್ಡಿಸ್ ಸ್ಕೂಗ್. ಬೆಳಿಗ್ಗೆ ನಿನ್ನ ಕನ್ನಡಕ ಹುಡುಕಿಕೊಟ್ಟೋಳು," ಎನ್ನುತ್ತಿದ್ದಳು. ಗೇಲನ್ ಗಂಭೀರವಾಗಿ ಪಟ್ಟಿಯಲ್ಲಿ ಬೆರಳಾಡಿಸಿ, ಸಿಕ್ಕಿತು ಎಂಬಂತೆ ತಲೆಯಾಡಿಸಿ, ಸಹಿ ತೆಗೆದುಕೊಳ್ಳುತ್ತಿದ್ದ. ಊರಿನವರು ಇದನ್ನು ನೋಡಲೆಂದೇ ಅವಳ ಹಿಂದೆ ಸಾಲು ಹಿಡಿಯುತ್ತಿದ್ದರು.

ಗಂಡ ಹೆಂಡತಿ ಯಾವ ಚುನಾವಣೆಯಲ್ಲೂ ಒಂದೇ ಕಡೆ ಮತ ಹಾಕಿದವರಲ್ಲ. ಅವನು ಆ ಕಡೆಯಾದರೆ ಅವಳು ಈ ಕಡೆ. ಪ್ರತಿ ಸಲವೂ ಬೆಳಗಿನ ಕಾಫಿಯ ಹೊತ್ತಿಗೆ ಒಂದು ಒಪ್ಪಂದವಾಗುತ್ತಿತ್ತು: ಹೇಗೂ ನನ್ನದನ್ನು ನಿನ್ನದು ಹೊಡೆದುಹಾಕುತ್ತದೆ, ಇಬ್ಬರೂ ಹಾಕುವುದೇ ಬೇಡ. ಇಬ್ಬರೂ ಒಪ್ಪುತ್ತಿದ್ದರು. ಮಧ್ಯಾಹ್ನದೊಳಗೆ ಇಬ್ಬರೂ ಹಾಕಿರುತ್ತಿದ್ದರು. ನಲವತ್ತನಾಲ್ಕು ವರ್ಷದ ಸಂಸಾರದಲ್ಲಿ ಒಬ್ಬರನ್ನೊಬ್ಬರು ನಂಬದಿದ್ದದ್ದು ಇದೊಂದು ವಿಷಯದಲ್ಲಿ ಮಾತ್ರ.

ಆರ್ಡಿಸ್ ಇಪ್ಪತ್ತೊಂಬತ್ತು ವರ್ಷ ಶಾಲಾ ಬಸ್ಸು ಓಡಿಸಿದವಳು. ಊರಿನಲ್ಲಿ ಐವತ್ತರ ಒಳಗಿನವರೆಲ್ಲ ಅವಳ ಬಸ್ಸಿನಲ್ಲಿ ಬೈಸಿಕೊಂಡು ದೊಡ್ಡವರಾದವರೇ. ಕಳೆದ ಆಗಸ್ಟಿನಲ್ಲಿ ಕಾಯಿಲೆ ಬಿದ್ದು ಏಳೇ ವಾರದಲ್ಲಿ ಹೋಗಿಬಿಟ್ಟಳು. ನವೆಂಬರಿನಲ್ಲಿ ಚುನಾವಣೆ ಬಂತು. ಗೇಲನ್ ಮೇಜಿನಲ್ಲಿ ಕೂತ, ಎಲ್ಲರ ಹೆಸರನ್ನೂ ಕೇಳಿದ, ತನ್ನ ಮತವನ್ನೂ ಹಾಕಿದ. ಅವನ ಮತ ಲೆಕ್ಕಕ್ಕೆ ಬಂದದ್ದು ಅದೇ ಮೊದಲು. ಅಂದು ಅವನ ಮುಖ ನೋಡಲಾಗುತ್ತಿರಲಿಲ್ಲ.

ಆ ಚಳಿಗಾಲದಲ್ಲಿ ಅವನಿಗೆ ಒಂದು ಹುಚ್ಚು ಹಿಡಿಯಿತು. ಕಂಪ್ಯೂಟರಿನಲ್ಲಿ ಒಂದು ಬಳಗ ಸಿಕ್ಕಿತು, ದೇಶದ ನಾನಾ ಮೂಲೆಯ ಜನ. ನಡೆಯದೇ ಇದ್ದ ಚುನಾವಣೆಗಳ ಫಲಿತಾಂಶ ಬರೆಯುವುದು ಇವರ ಕೆಲಸ. ನಡೆದ ಚುನಾವಣೆಗಳೇ ಸಾಕಷ್ಟು ನೋವು ಕೊಡುತ್ತಿರುವಾಗ ನಡೆಯದವುಗಳ ಗೋಜು ಯಾಕೆಂದು ನಾನು ಕೇಳಿದ್ದುಂಟು. ಅದಕ್ಕೆ ಗೇಲನ್ ನಿನ್ನದು ಅವಿದ್ಯಾವಂತರ ಉಪಗುಂಪು ಎಂದ. ಆ ತಿಂಗಳಿನಿಂದ ಅವನ ಬಾಯಲ್ಲಿ ಮನುಷ್ಯರು ಹೋಗಿ ಉಪಗುಂಪುಗಳು ಬಂದಿದ್ದವು. ಪೋಸ್ಟಾಫೀಸಿನಲ್ಲಿ ಯಾರಾದರೂ ಕೆಮ್ಮಿದರೆ, ಅವರ ವಯಸ್ಸು ಕೇಳಿ, ಆ ಉಪಗುಂಪಿನಲ್ಲಿ ಕೆಮ್ಮು ಜಾಸ್ತಿ ಎನ್ನುತ್ತಿದ್ದ.

ಜನವರಿಯಲ್ಲಿ ಬಳಗದವರು ಒಂದು ಸವಾಲು ಹಾಕಿದರು. ಅಧ್ಯಕ್ಷ ಪದವಿಗೆ ಇಬ್ಬರು ನಿಂತಿದ್ದಾರೆ ಎಂದುಕೊಳ್ಳಿ, ಒಬ್ಬ 'ಅ', ಇನ್ನೊಬ್ಬ 'ಬ'. 'ಅ' ಐವತ್ತಕ್ಕೆ ಐವತ್ತೂ ರಾಜ್ಯ ಗೆದ್ದ, ನೂರಕ್ಕೆ ತೊಂಬತ್ತೈದು ಮತ ಪಡೆದ. ಹಾಗಾದರೆ ಯಾವ ವಯಸ್ಸಿನವರು, ಯಾವ ಕಸುಬಿನವರು, ಯಾವ ಚರ್ಚಿನವರು ಎಷ್ಟೆಷ್ಟು ಹಾಕಿರಬೇಕು? ಎಲ್ಲರೂ ರಾಜ್ಯಗಳ ಲೆಕ್ಕ ಬರೆದರು. ಟೆಕ್ಸಾಸಿನ ಒಬ್ಬ ಹಲ್ಲಿನ ಡಾಕ್ಟರು ಮಾತ್ರ, ಒಂದು ಮತಗಟ್ಟೆಯ ಮಟ್ಟಕ್ಕೆ ಈ ಲೆಕ್ಕ ಇಳಿಸುವುದು ಯಾರಿಂದಲೂ ಆಗದ ಮಾತು ಎಂದು ಬರೆದುಬಿಟ್ಟ. ಗೇಲನ್‌ಗೆ ರೋಷ ಬಂತು. ಮೂರು ವಾರ ಹೆಪ್ಪುಗಟ್ಟಿದ ಕೆರೆಯ ಮೇಲೆ ಮೀನು ಹಿಡಿಯಲೂ ಹೋಗದೆ ಕೂತು ಸಾರ್ವಿಕ್‌ನ ಲೆಕ್ಕ ತಯಾರಿಸಿದ.

ಅವನು ಯಾರ ಹೆಸರನ್ನೂ ಬರೆಯಲಿಲ್ಲ. ಹೆಸರು ಬರೆಯುವುದು ತಪ್ಪು ಎಂಬುದು ಅವನಿಗೆ ಚೆನ್ನಾಗಿ ಗೊತ್ತು. ಉಪಗುಂಪುಗಳನ್ನಷ್ಟೇ ಬರೆದ. ಅರವತ್ತನಾಲ್ಕು ಜನರ ಊರಿನಲ್ಲಿ ಒಂದೊಂದು ಉಪಗುಂಪಿನಲ್ಲಿ ಎಷ್ಟು ಜನ ಇರಬಹುದು ಎಂಬುದು ಮಾತ್ರ ಅವನಿಗೆ ಹೊಳೆಯಲಿಲ್ಲ. ಎರಡು ಸಾಲು ಮಾದರಿಗೆ ಕೊಡುತ್ತೇನೆ.

ಹೆಂಗಸು, 75ರಿಂದ 79, ಆಡು ಸಾಕಣೆ, ಸ್ವಂತ ಅಣ್ಣನ ಜೊತೆ ಮಾತು ಬಿಟ್ಟವರು: 1 ಮತ, 'ಬ'.

ಗಂಡಸು, 60ರಿಂದ 64, ವಿಚ್ಛೇದಿತ, ಹಿಮ ತಳ್ಳುವ ಟ್ರಕ್ಕಿನವರು, ಕ್ರಿಸ್ಮಸ್ಸಿಗೆ ಮಾತ್ರ ಚರ್ಚಿಗೆ ಬರುವವರು: 1 ಮತ, 'ಬ'.

ಹೀಗೆ ಇಡೀ ಊರು ಒಂದು ಹಾಳೆಯಲ್ಲಿತ್ತು. 'ಅ' ಪಡೆದದ್ದು ಅರವತ್ತೆರಡು, 'ಬ' ಪಡೆದದ್ದು ಮೂರು. ಹಾಳೆಯ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ 'ಸಾರ್ವಿಕ್: ಪ್ರಚಂಡ ಗೆಲುವು' ಎಂದಿತ್ತು.

ಇದನ್ನು ಕಾಗದದ ಮೇಲೆ ನೋಡಿ ಖುಷಿಪಡಬೇಕೆಂದು ಅವನಿಗೆ ಆಸೆ. ಮನೆಯ ಪ್ರಿಂಟರಿನಲ್ಲಿ ಶಾಯಿ ಇಲ್ಲ. ಬುಧವಾರ ಚರ್ಚಿನ ಆಫೀಸಿಗೆ ಹೋದ. ಅಲ್ಲಿನ ಪ್ರಿಂಟರಿನ ಗುಂಡಿ ಒತ್ತಿದ, ಏನೂ ಬರಲಿಲ್ಲ. ಇನ್ನೊಮ್ಮೆ ಒತ್ತಿದ. ತಾಳ್ಮೆಯ ಮನುಷ್ಯನಾದ್ದರಿಂದ ಅರ್ಧ ಗಂಟೆ ಒತ್ತಿದ. ಯಂತ್ರ ಕೆಟ್ಟಿದೆ ಎಂದು ಚೀಟಿ ಅಂಟಿಸಿ ಮನೆಗೆ ಹೋದ. ಯಂತ್ರ ಕೆಟ್ಟಿರಲಿಲ್ಲ, ಅದರಲ್ಲಿ ಕಾಗದ ಮುಗಿದಿತ್ತು. ಶನಿವಾರ ಚರ್ಚಿನ ಗುಮಾಸ್ತೆ ಲವೋನ್ ಬಂದು ಕಾಗದ ತುಂಬಿಸಿದಳು. ಭಾನುವಾರದ ಪ್ರಾರ್ಥನೆಯ ಹಾಳೆಗಳ ಜೊತೆಗೆ ಗೇಲನ್ ಗುಂಡಿ ಒತ್ತಿದಷ್ಟೂ ಹಾಳೆಗಳು ಒಂದರ ಹಿಂದೊಂದು ಹೊರಬಂದವು. ಪಾಸ್ಟರು ಯಾವಾಗಲೂ ಏನಾದರೊಂದು ಪುರವಣಿ ಸೇರಿಸುವವರು. ಇದೂ ಅಂಥದ್ದೇ ಎಂದುಕೊಂಡು ಲವೋನ್ ಒಂದೊಂದನ್ನು ಒಂದೊಂದರೊಳಗೆ ಅಚ್ಚುಕಟ್ಟಾಗಿ ಮಡಚಿಟ್ಟಳು.

ಭಾನುವಾರ ಪಾಸ್ಟರು ಕ್ಷಮೆಯ ಬಗ್ಗೆ ಮಾತಾಡಿದರು. ಯಾರೂ ಕೇಳಲಿಲ್ಲ. ಇಡೀ ಚರ್ಚಿನಲ್ಲಿ ಕಾಗದ ಸರಿಯುವ ಸದ್ದು. ಒಬ್ಬೊಬ್ಬರೂ ತಮ್ಮ ಸಾಲನ್ನು ಹುಡುಕಿಕೊಂಡರು, ಆಮೇಲೆ ಪಕ್ಕದವರದನ್ನು ಹುಡುಕಿದರು. ಗೇಲನ್ ಮಾತ್ರ ತನ್ನ ಹಾಳೆಯನ್ನು ಬಿಡಿಸದೆ, ಕಣ್ಣು ಮುಚ್ಚಿ, ಪೂರ್ತಿ ಪ್ರವಚನ ಕೇಳಿದ.

ನನ್ನ ಸಾಲೂ ನನಗೆ ಸಿಕ್ಕಿತು. ಹೇಳಲು ನಾಚಿಕೆ, ಆದರೂ ಹೇಳುತ್ತೇನೆ. ಗಂಡಸು, 65ರಿಂದ 69, ನಿವೃತ್ತ ಡೈರಿ ಇನ್‌ಸ್ಪೆಕ್ಟರು, ಹೆಂಡತಿ ಹಾಕಿದ ಕಡೆ ಹಾಕುವವರು: 1 ಮತ, 'ಅ'. ನನ್ನ ಹೆಂಡತಿ ಲೋರ್ನಾ ಅದನ್ನು ಓದಿ, ನಗು ತಡೆಯಲಾರದೆ ಹಾಡಿನ ಪುಸ್ತಕದ ಹಿಂದೆ ಮುಖ ಮುಚ್ಚಿಕೊಂಡಳು. ಆ ಪುಸ್ತಕ ಮುಂದಿನ ಎರಡು ಹಾಡಿನವರೆಗೂ ಅಲುಗಾಡುತ್ತಿತ್ತು.

ಪ್ರಾರ್ಥನೆ ಮುಗಿದ ಮೇಲೆ ನೆಲಮಾಳಿಗೆಯಲ್ಲಿ ಕಾಫಿ. ನಮ್ಮ ಕಡೆ ಸಿಟ್ಟು ಬಂದರೆ ಯಾರೂ ಕೂಗಾಡುವುದಿಲ್ಲ. ಬರ್ನೀಸ್ ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಆ ಹಾಳೆ ಹಿಡಿದು ಗೇಲನ್‌ನ ಹತ್ತಿರ ಬಂದು, "ಇದು ಒಂಥರಾ ಬೇರೇನೇ ಇದೆ," ಎಂದಳು. ನಮ್ಮ ಊರಿನಲ್ಲಿ ಇದಕ್ಕಿಂತ ದೊಡ್ಡ ಬೈಗುಳ ಇಲ್ಲ. ಹಿಂದಿನ ಸಲ ಈ ಮಾತು ಕೇಳಿದ ಕುಟುಂಬ ಪಕ್ಕದ ರಾಜ್ಯ ಐಯೋವಾಕ್ಕೆ ಹೊರಟುಹೋಯಿತು. ಗೇಲನ್ ಅದನ್ನು ಹೊಗಳಿಕೆ ಎಂದು ತಿಳಿದು, ಮತಗಟ್ಟೆಯ ಮಟ್ಟದಲ್ಲಿ ಇದು ದೇಶಕ್ಕೇ ಮೊದಲು ಎಂದು ವಿವರಿಸಿದ.

ಮರುದಿನದಿಂದ ಊರು ಎರಡು ಭಾಗವಾಯಿತು. ಬರ್ನೀಸಳ ವಾದ ಇದು: 'ಬ' ಎಂದರೆ ಸೋತವನು, ನವೆಂಬರಿನಲ್ಲಿ ತಾನು ಸೋತವನಿಗೇ ಹಾಕಿದ್ದು ನಿಜ, ಆದರೆ ಅದು ಇವನಿಗೆ ಹೇಗೆ ಗೊತ್ತು? ಮತಪತ್ರ ಕದ್ದು ನೋಡಿದ್ದಾನೆ. ಇದನ್ನು ಹೇಳಲು ಅವಳು ಎಂಟು ಮನೆಗೆ ಹೋದಳು. ಹೀಗೆ ಯಾರಿಗೂ ಗೊತ್ತಿಲ್ಲದಿದ್ದ ಅವಳ ಮತ ಎಂಟು ಮನೆಗೆ ಗೊತ್ತಾಯಿತು. ಹಿಮದ ಟ್ರಕ್ಕಿನ ಡಿಲೇನ್‌ನದು ತದ್ವಿರುದ್ಧ. ತಾನು ಹಾಕಿದ್ದು ಗೆದ್ದವನಿಗೆ, ಈ ಲೆಕ್ಕ ಶುದ್ಧ ಸುಳ್ಳು, ಸುಳ್ಳು ಲೆಕ್ಕ ಬರೆಯುವವನು ಮತ ಎಣಿಸಬಾರದು. ಒಬ್ಬಳಿಗೆ ಲೆಕ್ಕ ಸರಿಯಾಗಿದೆ ಎಂದು ಸಿಟ್ಟು, ಇನ್ನೊಬ್ಬನಿಗೆ ತಪ್ಪಾಗಿದೆ ಎಂದು ಸಿಟ್ಟು. ಇಬ್ಬರೂ ಸೇರಿ ಒಂದೇ ದೂರು ಬರೆದು, ಒಂದೇ ಕಾಗದದಲ್ಲಿ ಸಹಿ ಹಾಕಿ ಕೌಂಟಿಯ, ಅಂದರೆ ನಮ್ಮ ಜಿಲ್ಲೆಯ, ಚುನಾವಣಾ ಕಚೇರಿಗೆ ಕಳಿಸಿದರು.

ಇವರಿಬ್ಬರದಾದರೂ ಅರ್ಥವಾಗುವ ಸಿಟ್ಟು. ಉಳಿದವರ ಸಿಟ್ಟೇ ವಿಚಿತ್ರ. ಊರೆಲ್ಲ ಒಂದು ಕಡೆ ನುಗ್ಗಿದಾಗ ತಾನೂ ಹಿಂದೆ ನುಗ್ಗುವವನು ಎಂದು ಗೇಲನ್ ಬರೆದನಲ್ಲ, ಅದು ಪ್ರತಿಯೊಬ್ಬರಿಗೂ ಚುಚ್ಚಿತ್ತು. ಎಲ್ಲರಿಗೂ ಆ ಮೂವರಲ್ಲಿ ಒಬ್ಬರಾಗಬೇಕಿತ್ತು. ನಾನೇನು ಕುರಿಯೇ ಎಂದು ಕೇಳದವರಿಲ್ಲ, ಮತ್ತು ಎಲ್ಲರೂ ಅದನ್ನು ಅದೇ ಮಾತಿನಲ್ಲಿ ಕೇಳಿದರು. ಲವೋನ್ ಕೂಡ ಕೇಳಿದಳು. ನಾನೂ ಕೇಳಿದೆ, ಮನೆಯಲ್ಲಿ. ಲೋರ್ನಾ, ಹೊರಗೆ ಚಳಿಯಿದೆ ಸ್ವೆಟರ್ ಹಾಕಿಕೋ ಎಂದಳು. ನಾನು ಹಾಕಿಕೊಂಡೆ.

ಗೇಲನ್‌ಗೆ ಇದೆಲ್ಲ ನಿಧಾನವಾಗಿ ತಿಳಿಯಿತು. ಡಿಲೇನ್ ರಸ್ತೆಯ ಹಿಮ ತಳ್ಳುವಾಗ ಗೇಲನ್‌ನ ಗೇಟಿನ ಮುಂದೆ ಮಾತ್ರ ಸೊಂಟದೆತ್ತರ ಗುಡ್ಡೆ ಬಿಟ್ಟು ಹೋಗತೊಡಗಿದ. ಆರ್ಡಿಸ್ ಹೋದಂದಿನಿಂದ ಸರದಿಯ ಮೇಲೆ ಅವನ ಮನೆಗೆ ಬರುತ್ತಿದ್ದ ಹಾಟ್‌ಡಿಶ್ ಎಂಬ ಬಿಸಿ ಊಟದ ಪಾತ್ರೆಗಳು ನಿಂತುಹೋದವು. ಮೊದಲ ವಾರ ಮರೆತಿರಬೇಕು ಎಂದುಕೊಂಡ. ಎರಡನೆಯ ವಾರ ನನ್ನನ್ನು ಕೇಳಿದ.

"ಮಿಲ್ಟ್, ಜನ ನನ್ನ ಮೇಲೆ ಬೇಜಾರು ಮಾಡ್ಕೊಂಡಿದಾರಾ?"

"ಸ್ವಲ್ಪ," ಎಂದೆ.

"ಯಾವ ಉಪಗುಂಪು?"

ಎಲ್ಲವೂ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಅಂದು ಅವನು ಸಲಿಕೆ ಹಿಡಿದು ಗೇಟಿನ ಮುಂದಿನ ಹಿಮ ತೆಗೆಯುತ್ತಿದ್ದ. ಎಪ್ಪತ್ತೆರಡು ವರ್ಷದವನು ಒಬ್ಬನೇ ಹಾಗೆ ತೆಗೆಯುವುದನ್ನು ನೋಡಿ ನನಗೆ ಸಂಕಟವಾಯಿತು. ಆದರೆ 'ಹೆಂಡತಿ ಹಾಕಿದ ಕಡೆ' ಎಂಬುದು ನೆನಪಾಗಿ ನನ್ನ ಸಲಿಕೆ ತರಲು ಹೋಗಲಿಲ್ಲ.

ಫೆಬ್ರವರಿ ಕೊನೆಗೆ ಕೌಂಟಿಯಿಂದ ಪಾವ್ಲಾಕ್ ಮೇಡಂ ಬಂದರು. ಈ ಕಡೆಗೆ ಹೊಸಬರು, ಹಿಮದಲ್ಲಿ ನಲವತ್ತು ಮೈಲಿ ಕಾರು ಓಡಿಸಿಕೊಂಡು ಬಂದವರು, ಮೂಗು ಕೆಂಪಾಗಿತ್ತು. ಟೌನ್ ಹಾಲಿನಲ್ಲಿ ಹೀಟರಿನ ಪಕ್ಕ ಕೂತು ವಿಚಾರಣೆ ಶುರುಮಾಡಿದರು. ಮತಪತ್ರಗಳ ಪೆಟ್ಟಿಗೆ ಮುದ್ರೆ ಒಡೆಯದೆ ಕೌಂಟಿಯಲ್ಲೇ ಇದೆ, ಯಾರೂ ಕದ್ದು ನೋಡಿಲ್ಲ ಎಂದು ಮೊದಲೇ ಹೇಳಿಬಿಟ್ಟರು. ಬರ್ನೀಸಳ ಮುಖ ಸಪ್ಪಗಾಯಿತು. ಇಷ್ಟಕ್ಕೇ ಮುಗಿಯಬೇಕಿತ್ತು. ಆದರೆ ಮೇಡಂ ಲೆಕ್ಕ ಕಲಿತವರು. ಹಾಳೆಯನ್ನು ಮೇಜಿನ ಮೇಲೆ ಹರಡಿ ಕೂಡಿಸಿದರು.

ಪಟ್ಟಿಯಲ್ಲಿ ಮತದಾರರು ಅರವತ್ತನಾಲ್ಕು, ಈ ಹಾಳೆಯಲ್ಲಿ ಮತಗಳು ಅರವತ್ತೈದು. ಒಂದು ಹೆಚ್ಚಿಗೆ ಎಲ್ಲಿಂದ ಬಂತು ಎಂದು ಕೇಳಿದರು.

ಗೇಲನ್ ಬೆಚ್ಚಿಬಿದ್ದ. ಮೂವತ್ತೊಂದು ವರ್ಷದಲ್ಲಿ ಅವನ ಎಣಿಕೆ ಒಂದು ಮತದಷ್ಟೂ ತಪ್ಪಿದ್ದಿಲ್ಲ. ಕನ್ನಡಕ ಹಾಕಿಕೊಂಡು ಬೆರಳಿಟ್ಟು ಕೂಡಿಸಿದ. ಅರವತ್ತೈದು. ಮೇಲಿನಿಂದ ಮತ್ತೆ ಕೂಡಿಸಿದ. ಮೂರನೆಯ ಸಲ ಬೆರಳು ಒಂದು ಸಾಲಿನ ಮೇಲೆ ನಿಂತುಬಿಟ್ಟಿತು, ಮುಂದೆ ಸರಿಯಲಿಲ್ಲ. ನಾನು ಅವನ ಹೆಗಲ ಮೇಲಿಂದ ಓದಿದೆ. ಹೆಂಗಸು, 70ರಿಂದ 74, ನಿವೃತ್ತ ಶಾಲಾ ಬಸ್ ಚಾಲಕಿ: 1 ಮತ, 'ಬ'.

ಮೂರು ವಾರ ಊರೆಲ್ಲ ಆ ಹಾಳೆಯನ್ನು ಓದಿತ್ತು. ತಂತಮ್ಮ ಸಾಲಿನ ಸಿಟ್ಟಿನಲ್ಲಿ ಆ ಸಾಲನ್ನು ಯಾರೂ ನೋಡಿರಲಿಲ್ಲ. ನಾನೂ ನೋಡಿರಲಿಲ್ಲ.

"ಇವರು ಯಾರು?" ಎಂದರು ಮೇಡಂ. "ಈಗೆಲ್ಲಿದಾರೆ?"

"ಚರ್ಚಿನ ಹಿಂದೆ," ಎಂದ ಗೇಲನ್.

"ಏನು ಮಾಡ್ತಿದಾರೆ ಅಲ್ಲಿ?"

ಅಲ್ಲಿರುವುದು ಸ್ಮಶಾನ. ನಾನೇ ಮೆಲ್ಲಗೆ ತಿಳಿಸಿದೆ. ಮೇಡಂ ಒಳ್ಳೆಯವರು, ಕ್ಷಮೆ ಕೇಳಿದರು. ಆದರೂ ಬರೆಯುವುದು ಅವರ ಕೆಲಸವಲ್ಲವೇ, ಪುಸ್ತಕದಲ್ಲಿ 'ಮೃತರ ಹೆಸರಿನಲ್ಲಿ ಒಂದು ಮತ' ಎಂದು ಬರೆದುಕೊಂಡರು.

"ಮೇಡಂ, ಈ ಚುನಾವಣೆ ನಡೆದೇ ಇಲ್ಲ," ಎಂದ ಗೇಲನ್.

"ನಿಜ ಸ್ಕೂಗ್ ಅವರೇ. ಆದ್ರೆ ನಡೆಯದೇ ಇರೋ ಚುನಾವಣೇಲೂ ತೀರಿಕೊಂಡೋರು ಓಟು ಹಾಕೋ ಹಾಗಿಲ್ಲ."

ಗೇಲನ್ ಒಪ್ಪಿದ. ನಿಯಮದ ಮಾತಾದ್ದರಿಂದ ಒಪ್ಪದೆ ಗತಿಯಿರಲಿಲ್ಲ. ಬೇಕೆಂದು ಬರೆದದ್ದಲ್ಲ, ಮನೆಮನೆ ನೆನೆಸಿಕೊಂಡು ಬರೆಯುತ್ತ ಹೋದಾಗ ತನ್ನ ಮನೆಗೆ ಬಂದು ಇಬ್ಬರು ಎಂದು ಬರೆದುಬಿಟ್ಟೆ ಎಂದ. ಹಾಗಾದರೆ 'ಬ' ಯಾಕೆ ಎಂದು ಮೇಡಂ ಕೇಳಿದರು, ಅದು ವಿಚಾರಣೆಯ ಪ್ರಶ್ನೆಯಂತೆ ಕೇಳಿಸಲಿಲ್ಲ. "ನನ್ನ ಸಾಲು 'ಅ' ಅಲ್ವಾ ಮೇಡಂ," ಎಂದ ಗೇಲನ್, ಅಷ್ಟು ಸಾಕೆಂಬಂತೆ.

ಅಪರಾಧ ಏನೂ ಇಲ್ಲ, ಆದರೆ ಇವರನ್ನು ಮುಂದುವರಿಸುವುದು ಬಿಡುವುದು ಊರಿನವರಿಗೆ ಬಿಟ್ಟದ್ದು ಎಂದು ಕೌಂಟಿಯಿಂದ ಕಾಗದ ಬಂತು. ನಿಯಮದಂತೆ ಇದು ನಮ್ಮ ಊರಿನ ಮೂವರು ಸದಸ್ಯರ ಮಂಡಳಿ ತೀರ್ಮಾನಿಸಬೇಕಾದ ವಿಷಯ. ಮೂವರಿಗೂ ಯಾರ ನಿಷ್ಠುರವೂ ಬೇಡ. ಮಾರ್ಚ್ ಎರಡನೆಯ ಮಂಗಳವಾರ ಹೇಗೂ ವಾರ್ಷಿಕ ಊರಸಭೆ, ಅಲ್ಲೇ ಮತಕ್ಕೆ ಹಾಕಿ ನಿರ್ಧರಿಸೋಣ ಎಂದು ಕೈ ತೊಳೆದುಕೊಂಡರು.

ಗೇಲನ್‌ಗೆ ಬೇರೆ ಏನು ಹೋದರೂ ಚಿಂತೆಯಿರಲಿಲ್ಲ. ಆ ಮೇಜು ಹೋದರೆ ಏನು ಗತಿ ಎಂದು ಅವನು ನನ್ನೊಡನೆ ಒಂದೇ ಸಲ ಆಡಿದ. ಮನೆಯಲ್ಲಿ ಮಾತಾಡುವವರಿಲ್ಲ, ಮಕ್ಕಳಿಲ್ಲ. ವರ್ಷಕ್ಕೆ ಒಂದೋ ಎರಡೋ ದಿನ ಇಡೀ ಊರು ತನ್ನೆದುರು ಬಂದು ನಿಂತು ಹೆಸರು ಹೇಳುತ್ತದೆ, ಅದೊಂದು ಇರಲಿ ಎಂದ. ಆಮೇಲೆ ಧೈರ್ಯ ತಂದುಕೊಂಡು, ಸಭೆಯ ಬಗ್ಗೆಯೂ ತಾನು ಅಂದಾಜು ಹಾಕಿದ್ದೇನೆ, ಹೆದರುವ ಕಾರಣವಿಲ್ಲ ಎಂದ. ಅವನ ಅಂದಾಜಿನ ಚರಿತ್ರೆ ನನಗೆ ಗೊತ್ತು. ಕೆರೆಯ ಮೇಲಿನ ಮಂಜುಗಡ್ಡೆ ಯಾವ ದಿನ ಒಡೆಯುತ್ತದೆ ಎಂದು ಊರಿನವರೆಲ್ಲ ಪ್ರತಿ ವರ್ಷ ಊಹಿಸುತ್ತೇವೆ. ಅವನ ದಿನವನ್ನು ನಂಬಿ ಮೀನಿಗೆ ಹೋದವರು ನೀರಿಗೆ ಬಿದ್ದಿದ್ದಾರೆ.

ಊರಸಭೆಗೆ ಸಾಮಾನ್ಯವಾಗಿ ಒಂಬತ್ತು ಜನ ಬರುತ್ತಾರೆ, ಅದರಲ್ಲಿ ಇಬ್ಬರು ಹೀಟರಿಗಾಗಿ. ಆ ಮಂಗಳವಾರ ಬೆಳಿಗ್ಗೆ ನಲವತ್ತಮೂರು ಜನ ಬಂದಿದ್ದರು. ನಾನೂ ಲೋರ್ನಾಳೂ ಕಾರಿನಲ್ಲಿ ಹೋಗುವಾಗ ಅವಳು ಕೈಗವಸು ಬಿಚ್ಚುತ್ತ, "ನಾವು ಗೇಲನ್‌ಗೇ ಹಾಕೋಣ," ಎಂದಳು. ಅವಳಿಗೆ ಅದರಲ್ಲಿ ಏನೂ ಉದ್ದೇಶವಿರಲಿಲ್ಲ. ನಾವು ಎಂಬ ಆ ಒಂದು ಮಾತು ಮಾತ್ರ ನನ್ನ ಕಿವಿಯಲ್ಲೇ ಉಳಿಯಿತು.

ಗೇಲನ್ ಎಲ್ಲರಿಗಿಂತ ಮೊದಲೇ ಬಂದು ಕುರ್ಚಿ ಜೋಡಿಸಿದ್ದ. ಆರ್ಡಿಸಳ ಕೈಬರಹದ ಚೀಟಿ ನೋಡಿಕೊಂಡು ತಾನೇ ಕುಂಬಳಕಾಯಿ ಬಾರ್ ಎಂಬ ಕೇಕಿನ ತುಂಡುಗಳನ್ನು ಬೇಯಿಸಿ ತಂದಿದ್ದ. ಅವು ಇಟ್ಟಿಗೆಯಂತಾಗಿದ್ದವು. ಒಬ್ಬರೂ ಮುಟ್ಟಲಿಲ್ಲ. ಬರ್ನೀಸ್ ಮತ್ತು ಡಿಲೇನ್ ತಮ್ಮ ತಮ್ಮ ವಾದ ಹೇಳಿದರು, ಒಬ್ಬರ ವಾದ ಇನ್ನೊಬ್ಬರದನ್ನು ಕಡಿದುಹಾಕುತ್ತಿದ್ದರೂ ಇಬ್ಬರೂ ಪರಸ್ಪರ ತಲೆಯಾಡಿಸಿದರು. ಗೇಲನ್ ಎದ್ದು ನಿಂತ. ಟೈ ಕಟ್ಟಿದ್ದ, ಅದು ಒಂದು ಕಡೆ ವಾಲಿತ್ತು, ಸರಿಮಾಡುವವರು ಯಾರೂ ಇರಲಿಲ್ಲ.

"ಲೆಕ್ಕ ತಪ್ಪಿದ್ದು ನಾನೇ. ನಿಮ್ಮನ್ನೆಲ್ಲ ಬರೆದದ್ದೂ ತಪ್ಪು," ಎಂದ. "ಇನ್ಮೇಲೆ ಅರವತ್ತನಾಲ್ಕು ಅಂತಾನೇ ಬರೀತೀನಿ."

ಎಲ್ಲರೂ ತಮ್ಮ ಬೂಟು ನೋಡಿಕೊಂಡರು. ಲವೋನ್ ಮೂಗು ಒರೆಸಿಕೊಂಡಳು. ಆಗಲೇ ಕೈಯೆತ್ತಿಸಿದ್ದರೆ ಮುಗಿದುಹೋಗುತ್ತಿತ್ತು, ಆ ಮುಖವನ್ನು ನೋಡುತ್ತ ಬೇಡ ಎನ್ನುವ ಎದೆ ಯಾರಿಗಿದೆ? ಆದರೆ ಮತ ಗುಟ್ಟಾಗಿರಬೇಕು, ಚೀಟಿಯೇ ಆಗಬೇಕು ಎಂದು ಒಬ್ಬರು ಹಟ ಹಿಡಿದರು. ಹಾಗೆ ಹಟ ಹಿಡಿದವನು ಗೇಲನ್.

'ಇರಲಿ' ಅಥವಾ 'ಬೇಡ' ಎಂದು ಬರೆಯಬೇಕು. ಪಕ್ಕದಲ್ಲಿ ಲೋರ್ನಾ ಯಾರು ನೋಡಿದರೂ ಚಿಂತೆಯಿಲ್ಲವೆಂಬಂತೆ ದೊಡ್ಡದಾಗಿ 'ಇರಲಿ' ಎಂದು ಬರೆದಳು. ಬರೆದು, ನಾನು ಬರೆದಾಯಿತೇ ಎಂದು ಕೂಡ ನೋಡದೆ ನನ್ನ ಚೀಟಿಗೂ ಕೈ ಚಾಚಿದಳು. ನಾನು ಚೀಟಿಗೆ ಅಂಗೈ ಅಡ್ಡವಿಟ್ಟು, ಬೇರೆ ಕಡೆ ತಿರುಗಿ, ಮೂರು ಸೆಕೆಂಡಿನಲ್ಲಿ ಬರೆದು ಮಡಚಿ, ನಾನೇ ಎದ್ದು ಹೋಗಿ ಡಬ್ಬಿಗೆ ಹಾಕಿದೆ. ಹೆಂಡತಿ ಹಾಕಿದ ಕಡೆ ಹಾಕುವವನಲ್ಲ ನಾನು.

ಎಣಿಸುವುದು ಯಾರು ಎಂದಾಗ ಎಲ್ಲರೂ ಗೇಲನ್‌ನ ಕಡೆ ನೋಡಿದರು. ಎಣಿಸಲು ಸರಿಯಾಗಿ ಬರುತ್ತಿದ್ದವನು ಅವನೊಬ್ಬನೇ, ಡಿಲೇನ್ ಕೂಡ ಅಡ್ಡ ಹೇಳಲಿಲ್ಲ. ಅವನು ಒಂದೊಂದೇ ಚೀಟಿ ಬಿಡಿಸಿ, ಗಟ್ಟಿಯಾಗಿ ಓದಿ, ಎರಡು ಗುಡ್ಡೆ ಮಾಡಿದ. ಮೊದಮೊದಲು ದನಿ ಚೆನ್ನಾಗಿಯೇ ಇತ್ತು. ಹತ್ತು ಚೀಟಿ ದಾಟಿದ ಮೇಲೆ ಅವನ ಹುಬ್ಬು ಗಂಟಿಕ್ಕಿತು. ಕೊನೆಗೆ 'ಇರಲಿ' ಇಪ್ಪತ್ತೊಂದು, 'ಬೇಡ' ಇಪ್ಪತ್ತೆರಡು. ನಿಯಮದಂತೆ ಇನ್ನೊಮ್ಮೆ ಎಣಿಸಿದ. ಅಷ್ಟೇ ಬಂತು. ಹಾಳೆಯಲ್ಲಿ ಬರೆದು ಸಹಿ ಹಾಕಿ, ಎರಡನೆಯ ಸಹಿಗೆ ನನ್ನ ಕಡೆ ತಳ್ಳಿದ. ನಾನು ಸಹಿ ಹಾಕಿದೆ.

ಆಮೇಲೆ ನಡೆದದ್ದನ್ನು ನೋಡಬೇಕಿತ್ತು. ಒಬ್ಬರಾದ ಮೇಲೊಬ್ಬರು ಬಂದು ಅವನ ಕೈ ಕುಲುಕಿ, ನಾನಂತೂ ನಿನಗೇ ಹಾಕಿದ್ದು ಎಂದು ಪಿಸುಗುಟ್ಟಿದರು. ನಾನು ಕಾಫಿಯ ಹತ್ತಿರ ನಿಂತು ಎಣಿಸಿದೆ. ಮೂವತ್ತೆಂಟು ಜನ. ಬರ್ನೀಸ್ ಕೂಡ ಹೇಳಿದಳು. ಹೇಳಿದ ಮಾತನ್ನು ಲೆಕ್ಕಕ್ಕೆ ಹಿಡಿದರೆ ಸಾರ್ವಿಕ್‌ನಲ್ಲಿ ಅಂದು ಗೇಲನ್‌ಗೆ ಪ್ರಚಂಡ ಗೆಲುವು. ಅವನು ಎಲ್ಲರಿಗೂ ಧನ್ಯವಾದ ಹೇಳಿ, ಕುರ್ಚಿ ಮಡಚಿಟ್ಟು, ಮುಟ್ಟದ ಬಾರ್‌ಗಳ ತಟ್ಟೆಯನ್ನು ಬಟ್ಟೆಯಲ್ಲಿ ಸುತ್ತಿಕೊಂಡ.

ಲೋರ್ನಾ ಪಾತ್ರೆ ತೊಳೆಯಲು ಉಳಿದಳು. ನಾನು ಗೇಲನ್‌ನ ಟ್ರಕ್ಕಿನಲ್ಲಿ ಮನೆಗೆ ಹೊರಟೆ. ತಟ್ಟೆ ನನ್ನ ತೊಡೆಯ ಮೇಲಿತ್ತು. ಒಂದು ಮೈಲಿ ದಾಟಿದ ಮೇಲೆ ಅವನು ಟ್ರಕ್ಕನ್ನು ರಸ್ತೆ ಬದಿಗೆ ನಿಲ್ಲಿಸಿ, ಕೋಟಿನ ಜೇಬಿನಿಂದ ಮಡಚಿದ ಕಾಗದ ತೆಗೆದು ನನಗೆ ಕೊಟ್ಟ. ಚೀಟಿ ಹಾಕುವ ಮೊದಲು, ಬಂದವರ ತಲೆ ಎಣಿಸಿ ಬರೆದಿಟ್ಟ ಅಂದಾಜು. 'ಇರಲಿ' ನಲವತ್ತೆರಡು, 'ಬೇಡ' ಒಂದು.

"ಆ ಒಂದು ಯಾರು?" ಎಂದೆ.

"ನಾನು."

ನನಗೆ ಅರ್ಥವಾಗಲಿಲ್ಲ. ಅವನು ಸ್ಟಿಯರಿಂಗ್ ಹಿಡಿದುಕೊಂಡೇ ವಿವರಿಸಿದ, ಉಪಗುಂಪು ಗಿಪಗುಂಪು ಎನ್ನದೆ. "ಆರ್ಡಿಸ್ ಇದ್ದಿದ್ರೆ 'ಬೇಡ' ಅಂತಾನೇ ಬರೀತಿದ್ಲು. ನನಗೆ ಎದುರು ಹಾಕದೇ ಬಿಟ್ಟೋಳಲ್ಲ. ಅವಳದನ್ನ ನಾನು ಹಾಕಿದೆ. ಎಲ್ರೂ ನನ್ನ ಕಡೆ ಇದ್ದೀರಲ್ಲ, ಒಂದು ಹೋದ್ರೆ ಏನಾಗುತ್ತೆ ಅಂದ್ಕೊಂಡೆ."

ಸೋತದ್ದು ಒಂದು ಮತದಿಂದ. ಕಿಟಕಿಯಾಚೆ ಹೊಲದಲ್ಲಿ ಹಿಮ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಅಳುವನೇನೋ ಎಂದು ನನಗೆ ಭಯವಾಯಿತು. ಅವನು ಅಳಲಿಲ್ಲ, ಪೆನ್ಸಿಲ್ ತೆಗೆದ. ತನ್ನ ಅಂದಾಜು ಇಪ್ಪತ್ತೊಂದು ಮತದಷ್ಟು ತಪ್ಪಿದ್ದು ಹೇಗೆ ಎಂಬುದೇ ಅವನಿಗೆ ದೊಡ್ಡ ಚಿಂತೆಯಾಗಿತ್ತು. ಕಾಗದದ ಹಿಂಬದಿಯಲ್ಲಿ ಡಿಲೇನ್, ಬರ್ನೀಸ್, ಲವೋನ್ ಎಂದು ಬರೆಯುತ್ತ ಹೋದ. ಈ ಸಲ ಹೆಸರುಗಳನ್ನೇ ಬರೆದ. ಯಾರ ಮೇಲೂ ಸಿಟ್ಟಿಲ್ಲದೆ, ಹೌದು ಅವರಿಗೆ ನೋವಾಗಿತ್ತು, ಹೌದು ಇವರಿಗೂ ಆಗಿತ್ತು ಎಂದು ತಾನೇ ಒಪ್ಪಿಕೊಳ್ಳುತ್ತ ಬರೆದ. ಇಪ್ಪತ್ತು ಹೆಸರು ಸಿಕ್ಕವು.

"ಒಬ್ಬರು ಸಿಗ್ತಿಲ್ಲ ಮಿಲ್ಟ್," ಎಂದ. "ಲೋರ್ನಾ 'ಇರಲಿ' ಅಂತ ಬರೆದದ್ದನ್ನ ನಾನೇ ನೋಡ್ದೆ. ಹಾಗಾಗಿ ನೀವಿಬ್ರೂ ಅಲ್ಲ. ಇನ್ಯಾರು?"

ತಟ್ಟೆಯ ಬಟ್ಟೆಯನ್ನು ಸರಿಸಿ ನಾನು ಒಂದು ಬಾರ್ ಬಾಯಿಗಿಟ್ಟುಕೊಂಡೆ. ಅದನ್ನು ಜಗಿಯಲು ತುಂಬ ಹೊತ್ತು ಬೇಕಾಯಿತು, ಅಷ್ಟು ಹೊತ್ತೂ ಅವನು ಕಾದ.

"ನಿನ್ನ ಎಣಿಕೇನೇ ತಪ್ಪಿರಬೇಕು," ಎಂದೆ.

ಮೂವತ್ತೊಂದು ವರ್ಷದಲ್ಲಿ ಒಂದು ಮತದಷ್ಟೂ ತಪ್ಪದ ಎಣಿಕೆ ಅದು. ಅವನು ಹೆಸರುಗಳ ಮೇಲೆ ಇನ್ನೊಮ್ಮೆ ಬೆರಳಾಡಿಸಿ, ಇರಬಹುದು, ಈಚೆಗೆ ನನ್ನ ಎಣಿಕೆ ತಪ್ಪುತ್ತಿದೆ ಎಂದ. ಪೆನ್ಸಿಲನ್ನು ಜೇಬಿಗಿಟ್ಟು ಟ್ರಕ್ಕನ್ನು ರಸ್ತೆಗೆ ತಂದ. ನನ್ನ ಗೇಟಿನ ಮುಂದೆ ಇಳಿಸುವಾಗ, ಬಾರ್ ತಿಂದವನು ನೀನೊಬ್ಬನೇ ಎಂದು ಹೇಳಿ ಇಡೀ ತಟ್ಟೆಯನ್ನು ನನಗೇ ಕೊಟ್ಟುಬಿಟ್ಟ.